ಮಕ್ಕಳ ಮಾಹಿತಿ ಪುಸ್ತಕಗಳ ಜರಡಿ: ಕೆಲಸ ಎಲ್ಲಿಗೆ ಬಂತು

ಎಂಟರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಅಂತ ಬರುವ ಮಾಹಿತಿ ಪುಸ್ತಕಗಳ ಸರಣಿಗಳನ್ನು ಒಂದೊಂದಾಗಿ ಓದುತ್ತಿದ್ದೇನೆ. ಯಾವುದನ್ನು ಪೂರ್ತಿ ಸೆಟ್ ತರಿಸಬಹುದು, ಯಾವುದರಲ್ಲಿ ಒಂದೆರಡು ಬಿಡಿ ಪುಸ್ತಕ ಸಾಕು ಎಂದು ಗುರುತು ಹಾಕಿಕೊಳ್ಳುವುದು ಕೆಲಸ. ಸದ್ಯಕ್ಕೆ ವಿಜ್ಞಾನ, ದೇಹ, ಪ್ರಾಣಿ, ಬಾಹ್ಯಾಕಾಶ ಇಷ್ಟೇ. ಇತಿಹಾಸ ಇನ್ನೂ ಮುಟ್ಟಿಲ್ಲ.

ಶುರುವಿನಲ್ಲಿ ಒಂದು ಅಂಕಪಟ್ಟಿ ಇತ್ತು. ಭಾಷೆಗೆ ಇಷ್ಟು, ಚಿತ್ರಕ್ಕೆ ಇಷ್ಟು, ಪದಸೂಚಿಗೆ ಇಷ್ಟು. ಈಗ ಅದನ್ನು ಕೈಬಿಟ್ಟಿದ್ದೇನೆ. ಎಲ್ಲ ಸರಣಿಗೂ ಹೆಚ್ಚುಕಮ್ಮಿ ಒಂದೇ ಅಂಕ ಬರುತ್ತಿದ್ದರೆ ಅದರಿಂದ ಆರಿಸುವುದು ಹೇಗೆ? ಈಗಿನ ಕ್ರಮ ಬೇರೆ. ಸರಣಿಯಲ್ಲಿ ಹೇಳಲು ಎಲ್ಲಕ್ಕಿಂತ ಕಷ್ಟದ ವಿಷಯ ಯಾವುದೋ ಆ ಪುಸ್ತಕವನ್ನೇ ಮೊದಲು ತೆಗೆಯುತ್ತೇನೆ. ಅದು ನಿಂತರೆ ಉಳಿದವು ನಿಲ್ಲುತ್ತವೆ.

ಯಾಕೆಂದರೆ ಸರಣಿಯ ಎಲ್ಲ ಪುಸ್ತಕಗಳಿಗೂ ಅಳತೆ ಒಂದೇ. ವಿಷಯ ಯಾವುದಾದರೂ ಸರಿ, ಅದೇ ಅಳತೆಗೆ ಕತ್ತರಿಸಬೇಕು. 32 ಪುಟದವು ತುಂಬ ಕಾಣುತ್ತವೆ. ಒಂದೇ ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವ ಪುಟಗಳ ಕಟ್ಟಿಗೆ ಫಾರಂ ಎನ್ನುತ್ತಾರೆ. 16 ಪುಟಕ್ಕೆ ಒಂದು ಫಾರಂ ಅಂದರೆ ಎರಡು ಫಾರಂ ಆಯಿತು, ಅಚ್ಚಿನ ಲೆಕ್ಕಕ್ಕೆ ಅನುಕೂಲ. ಶೀರ್ಷಿಕೆ, ಪರಿವಿಡಿ, ಪದಸೂಚಿ ಕಳೆದರೆ ಎದುರುಬದುರು ಪುಟಗಳ ಹತ್ತು ಹನ್ನೆರಡು ಜೋಡಿ ಉಳಿಯುತ್ತವೆ. ಒಂದು ಜೋಡಿಗೆ ಒಂದು ತುಂಡು ವಿಷಯ. ಶಾರ್ಕ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಹಲ್ಲಿಗೆ ಎರಡು ಪುಟ, ಮರಿಗೆ ಎರಡು ಪುಟ, ಬೇಟೆಗೆ ಎರಡು ಪುಟ. ಮಗು ಎಲ್ಲಿಂದ ತೆರೆದರೂ ಓದಬಹುದು. ವಿದ್ಯುತ್ತಿಗೆ ಇದು ಒಗ್ಗುವುದಿಲ್ಲ. ಅದು ಮೆಟ್ಟಿಲು ಹತ್ತಿದ ಹಾಗೆ. ಸರ್ಕ್ಯೂಟ್ ಗೊತ್ತಿಲ್ಲದೆ ಸ್ವಿಚ್ ಅರ್ಥವಾಗಲ್ಲ, ಅದೂ ಗೊತ್ತಿಲ್ಲದೆ ಫ್ಯೂಸ್ ಅರ್ಥವಾಗಲ್ಲ. ಮಧ್ಯದ ಒಂದು ಮೆಟ್ಟಿಲನ್ನು ಎರಡೇ ಪುಟಕ್ಕೆ ಹಿಂಡಿದರೆ ಮುಂದಿನದೆಲ್ಲ ಬಾಯಿಪಾಠ.

ಈ ವಾರ ಓದಿದ ಒಂದು ಪುಸ್ತಕ ಹೀಗಿತ್ತು, ಹೆಸರು ಬೇಡ. ಸರ್ಕ್ಯೂಟ್ ಇರುವ ಎರಡು ಪುಟದಲ್ಲಿ ಎಡಪುಟ ಪೂರ್ತಿ ಮಿಂಚಿನ ಫೋಟೊ. ಬಲಪುಟದ ಮೇಲ್ಗಡೆ ‘ನಿಮಗಿದು ಗೊತ್ತೇ?’ ಡಬ್ಬಿ: ವಿದ್ಯುತ್ ಈಲ್ ಮೀನು 860 ವೋಲ್ಟ್‌ವರೆಗೆ ಶಾಕ್ ಕೊಡಬಲ್ಲದು. ನಿಜವೇ, 2019ರಲ್ಲಿ ಪ್ರಕಟವಾದ ಅಳತೆ ಅದು. ಆದರೆ ಈ ಪುಟಕ್ಕೆ ಅದರಿಂದ ಏನಾಗಬೇಕು? ಕೊನೆಗೆ ಕೆಳಗಿನ ಮೂಲೆಯಲ್ಲಿ, ಬೆಂಕಿಪೊಟ್ಟಣದಷ್ಟು ಜಾಗದಲ್ಲಿ, ಸೆಲ್, ವೈರ್, ಬಲ್ಬ್. ಎರಡೂ ವೈರ್ ಬಲ್ಬಿನ ಬುಡದ ತುದಿಗೇ ಹೋಗಿ ಸೇರಿವೆ.

ಟಾರ್ಚ್ ಬಲ್ಬು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಒಂದು ಸಂಪರ್ಕ ಬುಡದ ಚುಕ್ಕಿಯಲ್ಲಿರುತ್ತದೆ, ಇನ್ನೊಂದು ಪಕ್ಕದ ಲೋಹದ ಕವಚದಲ್ಲಿ. ಕರೆಂಟು ಒಂದರಲ್ಲಿ ಒಳಗೆ ಹೋಗಿ, ಬಲ್ಬಿನೊಳಗೆ ಉರಿಯುವ ಸಣ್ಣ ತಂತಿ ದಾಟಿ, ಇನ್ನೊಂದರಲ್ಲಿ ಹೊರಗೆ ಬರಬೇಕು. ಆ ಪುಟವನ್ನು ಒಂಬತ್ತು ವರ್ಷದ ಹುಡುಗಿಗೆ ಓದಲು ಕೊಟ್ಟೆ. ಒಂದು ಕಡೆಯೂ ತಡವರಿಸದೆ ಓದಿದಳು. ಆಮೇಲೆ ಸೆಲ್, ವೈರ್, ಬಲ್ಬು ಮುಂದಿಟ್ಟು, ಹೊತ್ತಿಸು ನೋಡೋಣ ಎಂದೆ. ಚಿತ್ರದಲ್ಲಿ ಇದ್ದ ಹಾಗೇ ಎರಡೂ ವೈರ್ ಬುಡಕ್ಕೆ ಒತ್ತಿದಳು. ಬಲ್ಬು ಹೊತ್ತಲಿಲ್ಲ, ವೈರ್ ಬಿಸಿಯಾಯಿತು. ‘ಬುಕ್ಕಲ್ಲಿರೋ ಹಾಗೇ ಮಾಡಿದೀನಲ್ಲ, ಸೆಲ್ ಸತ್ತೋಗಿರ್ಬೇಕು’ ಎಂದಳು. ಸಲೀಸಾಗಿ ಓದಿಸಿಕೊಂಡು ಹೋಗುವುದು ಮತ್ತು ಅರ್ಥ ಮಾಡಿಸುವುದು ಎರಡೂ ಬೇರೆ ಬೇರೆ ಅಲ್ವಾ. ಈ ಸರಣಿಯಲ್ಲಿ ಪ್ರಾಣಿ ಪುಸ್ತಕಗಳು ಮಾತ್ರ ಉಳಿಯುತ್ತವೆ.

ಇನ್ನೊಂದು ಸರಣಿ ಅದೇ ವಿಷಯಕ್ಕೆ ತನ್ನ ಅಳತೆಯನ್ನೇ ಮುರಿದಿದೆ. ಸರ್ಕ್ಯೂಟ್‌ಗೆ ಆರು ಪುಟ, ಬಲ್ಬಿನ ಒಳಗನ್ನು ಸೀಳಿ ತೋರಿಸುವ ದೊಡ್ಡ ಚಿತ್ರ, ಮಿಂಚಿಗೆ ಕೊನೆಯಲ್ಲಿ ಅರ್ಧ ಪುಟ. ಬಣ್ಣ ಕಡಿಮೆ, ಕಾಗದವೂ ಸಾಧಾರಣ. ಪೂರ್ತಿ ಸೆಟ್ ತರಿಸುವ ಪಟ್ಟಿಗೆ ಹೋಯಿತು.

ಬಾಹ್ಯಾಕಾಶದ ಪುಸ್ತಕಗಳಲ್ಲಿ ಈಗ ಮೊದಲು ಚಿತ್ರ, ಆಮೇಲೆ ಬರಹ. ಭೂಮಿ ಚಂದ್ರರ ನಡುವೆ ಸುಮಾರು 30 ಭೂಮಿಗಳು ಸಾಲಾಗಿ ಹಿಡಿಸುತ್ತವೆ. ಪುಸ್ತಕದಲ್ಲಿ ಎರಡು ಬೆರಳಿನ ಅಂತರ. ಪುಟದಲ್ಲಿ ಜಾಗವಿಲ್ಲ, ಒಪ್ಪೋಣ. ‘ಅಳತೆಗೆ ತಕ್ಕ ಚಿತ್ರವಲ್ಲ’ ಎಂದು ಒಂದು ಸಾಲು ಬರೆಯಲು ಜಾಗ ಇತ್ತಲ್ಲ! ಭೂಮಿಯ ಕಕ್ಷೆಯ ಚಿತ್ರ ಇದಕ್ಕಿಂತ ಕೆಡುಕು. ಸೂರ್ಯನಿಂದ ಭೂಮಿಯ ದೂರ 14.7 ಕೋಟಿ ಮತ್ತು 15.2 ಕೋಟಿ ಕಿ.ಮೀ. ನಡುವೆ ಆಡುತ್ತದೆ. ಕಾಗದದ ಮೇಲೆ ಬರೆದರೆ ಕಣ್ಣಿಗೆ ಅದು ವೃತ್ತವೇ. ಪುಸ್ತಕಗಳಲ್ಲಿ ಮಾತ್ರ ಉದ್ದ ಮೊಟ್ಟೆ. ಹತ್ತಿರ ಬಂದಾಗ ಬೇಸಿಗೆ ಎಂದು ಮಗು ಸಹಜವಾಗಿ ತಿಳಿಯುತ್ತದೆ. ಆದರೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಇರುವುದು ಜನವರಿ ಮೊದಲಲ್ಲಿ, ಉತ್ತರ ಗೋಳಾರ್ಧದಲ್ಲಿ ಆಗ ಚಳಿಗಾಲ. ಪಕ್ಕದ ಪುಟದಲ್ಲಿ ಅಕ್ಷದ ವಾಲಿಕೆಯೇ ಕಾರಣ ಎಂದು ಸರಿಯಾಗಿಯೇ ಬರೆದಿರುತ್ತಾರೆ, ಆದರೆ ತಲೆಯಲ್ಲಿ ಉಳಿಯುವುದು ಚಿತ್ರ.

ಹಳೆಯ ಅಂಕಿಗಳ ವಿಷಯದಲ್ಲಿ ನಾನು ಅಷ್ಟು ಕಟ್ಟುನಿಟ್ಟಲ್ಲ. ಶನಿ ಗ್ರಹಕ್ಕೆ 2025ರ ಮಾರ್ಚ್‌ನಲ್ಲಿ ಒಂದೇ ಸಲ 128 ಚಂದ್ರಗಳು ಸೇರಿ ಒಟ್ಟು 274 ಆದವು. ಅದಕ್ಕೂ ಮೊದಲು ಅಚ್ಚಾದ ಪುಸ್ತಕವನ್ನು ಇದಕ್ಕಾಗಿ ಬೈಯುವುದು ನ್ಯಾಯವಲ್ಲ. ಲೇಖಕರು ‘ಇಂಥ ವರ್ಷದ ಹೊತ್ತಿಗೆ ಗೊತ್ತಿದ್ದವು ಇಷ್ಟು’ ಎಂದು ಬರೆದಿದ್ದಾರೋ, ಸುಮ್ನೆ ‘ಶನಿಗೆ ಇಷ್ಟು ಚಂದ್ರರು’ ಎಂದಿದ್ದಾರೋ, ಅದನ್ನು ನೋಡುತ್ತೇನೆ. ಪ್ಲೂಟೊ ವಿಷಯ ಬೇರೆ. 2006ರಿಂದ ಅದು ಕುಬ್ಜ ಗ್ರಹ. ಈಗಲೂ ಒಂಬತ್ತು ಗ್ರಹ ಎಂದು ಮರುಮುದ್ರಣ ಮಾಡುವವರು ತಮ್ಮ ಪುಸ್ತಕವನ್ನು ತಾವೇ ತೆರೆದು ನೋಡಿಲ್ಲ ಎಂದೇ ಅರ್ಥ. ಹಕ್ಕುಸ್ವಾಮ್ಯದ ಪುಟದಲ್ಲಿ ‘ಮರುಮುದ್ರಣ’ ಎಂದಿದೆಯೋ ‘ಪರಿಷ್ಕೃತ’ ಎಂದಿದೆಯೋ ಎಂದು ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.

ದೇಹದ ಪುಸ್ತಕಕ್ಕೆ ನಾಲಿಗೆಯ ಪುಟ ಸಾಕು. ತುದಿಯಲ್ಲಿ ಸಿಹಿ, ಹಿಂದೆ ಕಹಿ ಎಂದು ಭಾಗ ಮಾಡಿದ ನಕ್ಷೆ ಇದ್ದರೆ ಮುಂದೆ ಜಾಸ್ತಿ ಹುಡುಕಬೇಕಿಲ್ಲ. ರುಚಿ ಮೊಗ್ಗುಗಳಿರುವ ಎಲ್ಲ ಕಡೆಯೂ ಎಲ್ಲ ರುಚಿ ತಿಳಿಯುತ್ತದೆ.

ಡೈನೋಸಾರ್ ಪುಸ್ತಕಗಳು ಅರ್ಧ ಮುಗಿದಿವೆ. ಇಲ್ಲಿ ಹುಡುಕುತ್ತಿರುವುದು ಒಂದೇ: ‘ಇದು ನಮಗೆ ಹೇಗೆ ಗೊತ್ತಾಯಿತು’ ಎಂಬ ಮಾತು ಬರುತ್ತದೆಯೇ? ವೆಲೊಸಿರಾಪ್ಟರ್‌ಗೆ ಗರಿ ಬರೆದ ಪುಸ್ತಕಗಳು ಈಗ ಬೇಕಾದಷ್ಟಿವೆ. ಅದರ ಮುಂಗೈ ಮೂಳೆಯ ಮೇಲೆ ಗರಿ ಅಂಟಿಕೊಂಡಿದ್ದ ಸಾಲು ಗಂಟುಗಳನ್ನು 2007ರಲ್ಲಿ ಗುರುತಿಸಿದರು ಎಂದು ಹೇಳಿ, ಆ ಮೂಳೆಯನ್ನೂ ತೋರಿಸಿದ್ದು ಇದುವರೆಗೆ ಒಂದೇ ಪುಸ್ತಕ. ಆ ಸರಣಿಯಲ್ಲಿ ಕಾಂತ ಮತ್ತು ಜೀರ್ಣಕ್ರಿಯೆಯ ಪುಸ್ತಕಗಳೂ ಇವೆ. ಮುಂದಿನ ಸರದಿ ಅವೆರಡರದು, ಕಾಂತವೇ ಮೊದಲು.