ಫ್ಯೂಯಲ್ ಪಂಪ್ ಕರೆಂಟಿನ ತೊಂದರೆ: ಇಲ್ಲಿಯವರೆಗೆ ಆಗಿದ್ದು

ಮೊದಲ ಶನಿವಾರ

ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಇಪ್ಪತ್ತು ನಿಮಿಷ ಓಡಿದ ಮೇಲೆ ಪಿಕಪ್ ಬೀಳುತ್ತದೆ, ಆಮೇಲೆ ನಿಂತೇ ಹೋಗುತ್ತದೆ. ಅರ್ಧ ಗಂಟೆ ಬಿಟ್ಟರೆ ಏನೂ ಆಗೇ ಇಲ್ಲ ಅನ್ನುವ ಹಾಗೆ ಮತ್ತೆ ಶುರು. ಫ್ಯೂಯಲ್ ಇಂಜೆಕ್ಷನ್ (ಪೆಟ್ರೋಲನ್ನು ಪ್ರೆಶರಿನಲ್ಲಿ ಚಿಮ್ಮಿಸುವ ವ್ಯವಸ್ಥೆ) ಇರುವ ಬಹಳಷ್ಟು ಕಾರುಗಳಲ್ಲಿ ಕೀ ಆನ್ ಮಾಡಿದ ಕೂಡಲೇ, ಟ್ಯಾಂಕಿನಿಂದ ಇಂಜಿನಿಗೆ ಪೆಟ್ರೋಲ್ ತಳ್ಳುವ ಫ್ಯೂಯಲ್ ಪಂಪ್ ಸುಮಾರು 2 ಸೆಕೆಂಡ್ ಓಡಿ ಲೈನಿಗೆ ಪ್ರೆಶರ್ ತುಂಬುತ್ತದೆ, ಹಿಂದಿನ ಸೀಟಿನ ಕಡೆಯಿಂದ ಗುಂಯ್ ಅಂತ ಸದ್ದು ಬರುತ್ತದೆ. ಬಂಡಿ ನಿಂತಾಗ ಕೇಳಿಸಿಕೊಂಡೆ. ಸದ್ದೇನೋ ಬಂತು, ಆದರೆ ತೀರಾ ಸೋತ ಸದ್ದು.

ಪಂಪ್ ಬದಲಾಯಿಸು ಅಂತ ಎಲ್ಲರೂ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಅದು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುವ ವಸ್ತು, ಹೊರಗಿನ ವೈರುಗಳನ್ನು ಪೂರ್ತಿ ನೋಡುವ ಮೊದಲು ಅಲ್ಲಿಗೆ ಕೈ ಹಾಕಬಾರದು.

ಫ್ಯೂಸ್ ಸರಿ ಇದೆ. ಪಂಪಿಗೆ ಕರೆಂಟ್ ಕೊಡುವ ಸ್ವಿಚ್ ಅಂದರೆ ರಿಲೇ, ಅದರ 85 ಮತ್ತು 86 ನಂಬರಿನ ಪಿನ್ನುಗಳ ನಡುವೆ ಒಳಗಿನ ಕಾಯಿಲ್ 78 ಓಮ್ ತೋರಿಸಿತು, ಅದೂ ಸರಿ. ಹಾರ್ನ್ ರಿಲೇ ಅದೇ ನಂಬರಿನದು, ಅದನ್ನು ಹಾಕಿ ನೋಡಿದೆ, ಏನೂ ಬದಲಾಗಲಿಲ್ಲ.

ಭಾನುವಾರ

ಸೀಟು ಎತ್ತಿ ಪಂಪಿನ ಕನೆಕ್ಟರ್ ಬಿಚ್ಚಿ ಮೀಟರ್ ಹಿಡಿದೆ. 12.4 ವೋಲ್ಟ್. ಕರೆಂಟ್ ಚೆನ್ನಾಗಿ ಬರುತ್ತಿದೆ, ಹಾಗಾದರೆ ಪಂಪೇ ಹೋಗಿದೆ ಅಂದುಕೊಂಡು ಹೊಸದು ತರಿಸುವುದರಲ್ಲಿದ್ದೆ.

ರಾತ್ರಿ ಯೋಚನೆ ಬಂತು. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್, ಅದು ಎಳೆಯುವ ಕರೆಂಟ್ ಇಲ್ಲವೆಂದೇ ಹೇಳಬೇಕು. ವೈರಿನಲ್ಲಿ ಒಂದೇ ಒಂದು ಎಳೆ ಉಳಿದಿದ್ದರೂ ಅದು 12 ವೋಲ್ಟ್ ತೋರಿಸುತ್ತದೆ. ಪಂಪಿಗೆ ಬೇಕಾಗಿದ್ದು 5 ಆಂಪಿಯರ್ ಅಲ್ವಾ? ಕನೆಕ್ಟರ್ ಬಿಚ್ಚಿ ಅಳೆದಿದ್ದೇ ತಪ್ಪು, ಪಂಪ್ ಓಡುತ್ತಿರುವಾಗ ಅಳೆಯಬೇಕಿತ್ತು.

ಎರಡನೇ ಶನಿವಾರ

ಬಾಗಿಲು, ಕಿಟಕಿ ಎಲ್ಲಾ ತೆರೆದಿಟ್ಟೆ. ಕನೆಕ್ಟರ್ ಹಾಕಿಯೇ ಇದ್ದು, ಅದರ ಹಿಂಬದಿಯಿಂದ ವೈರಿನ ಪಕ್ಕ ತೆಳು ಪಿನ್ ತೂರಿಸಿ ಮೀಟರ್ ಸಿಕ್ಕಿಸಿದೆ. ಇದೆಲ್ಲಾ ಆದ ಮೇಲೆಯೇ ಮುಂದೆ ಬಾನೆಟ್ ಕೆಳಗೆ ರಿಲೇ ತೆಗೆದು, ಆ ಜಾಗದ 30 ಮತ್ತು 87 ನಂಬರಿನ ತೂತುಗಳ (ರಿಲೇ ಕೂಡಿಸುವ ಎರಡು ತುದಿಗಳ) ನಡುವೆ ಫ್ಯೂಸ್ ಇರುವ ವೈರ್ ಹಾಕಿ ಪಂಪ್ ಓಡಿಸಿದೆ. ಕಿಡಿ ಹಾರಿದರೂ ಟ್ಯಾಂಕಿನಿಂದ ದೂರ ಹಾರಲಿ ಅಂತ ಈ ಕ್ರಮ, ಇದನ್ನು ದಯವಿಟ್ಟು ತಪ್ಪಿಸಬೇಡಿ.

ಹತ್ತು ನಿಮಿಷ ಓಡಿದ ಮೇಲೆ ಬ್ಯಾಟರಿಯಲ್ಲಿ 12.5 ವೋಲ್ಟ್, ಪಂಪಿನ ಎರಡು ಪಿನ್ನುಗಳ ನಡುವೆ ಬರೀ 8.9. ಉಳಿದ 3.6 ಎಲ್ಲಿ ಹೋಯಿತು? ಬ್ಯಾಟರಿ ಪಾಸಿಟಿವ್‌ನಿಂದ ಪಂಪ್ ಪಾಸಿಟಿವ್‌ವರೆಗೆ ಉದ್ದ ವೈರ್ ಎಳೆದು ಅಳೆದೆ, 0.3. ಪಂಪಿನ ಅರ್ತ್ ಪಿನ್ನಿನಿಂದ (ಕರೆಂಟ್ ವಾಪಸ್ ಹೋಗುವ ಕಡೆ) ಬ್ಯಾಟರಿ ನೆಗೆಟಿವ್‌ವರೆಗೆ ಅಳೆದೆ, 3.3! ಲೆಕ್ಕ ಕೂಡಿತು. ಅಷ್ಟು ಖುಷಿ ನನಗೆ ಈ ಕಾರು ಓಡಿಸುವಾಗಲೂ ಆಗಿಲ್ಲ.

ರಿಲೇ ಜಾಗದಲ್ಲಿ ಮೀಟರನ್ನೇ 10 ಆಂಪಿಯರ್ ತೂತಿಗೆ ಹಾಕಿ ನೋಡಿದಾಗ 5 ಆಂಪಿಯರ್ ಓಡುತ್ತಿತ್ತು. 3.3 ವೋಲ್ಟ್, 5 ಆಂಪಿಯರ್ ಅಂದರೆ ಅರ್ತ್ ದಾರಿಯಲ್ಲಿ 16.5 ವಾಟ್ ಬಿಸಿ. ಕೆಟ್ಟ ಜಾಯಿಂಟ್ ಬಿಸಿಯಾದಷ್ಟೂ ಇನ್ನೂ ಕೆಡುತ್ತದೆ, ತಣ್ಣಗಾದಾಗ ಸುಮಾರಾಗಿ ಹಿಡಿದುಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಗುಟ್ಟು ಇದೇ.

ಭಾನುವಾರ

ಪಂಪಿನ ಅರ್ತಿನ ಕಪ್ಪು ವೈರ್ ಹಿಡಿದು ಹೋದರೆ ಡಿಕ್ಕಿಯ ಕಾರ್ಪೆಟ್ ಕೆಳಗೆ ಕಾರಿನ ತಗಡಿಗೆ ಬಿಗಿದ ಬೋಲ್ಟ್ ಸಿಕ್ಕಿತು. ಕಾರ್ಪೆಟ್ ಒದ್ದೆ. ವೈರಿನ ತುದಿಯ ಲೋಹದ ಬಳೆ, ಅಂದರೆ ಲಗ್ ಮೇಲೆ ಹಸಿರು ಪುಡಿ, ಕೆಳಗೆ ತುಕ್ಕು. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು, ತಗಡು ಹೊಳೆಯುವವರೆಗೆ ಉಜ್ಜಿದೆ. ವೈರಿನ ತುದಿ ಒಳಗೂ ಕಪ್ಪಾಗಿತ್ತು, ಕೆಂಪು ತಾಮ್ರ ಕಾಣುವವರೆಗೆ ಕತ್ತರಿಸಿ ಹೊಸ ಲಗ್ ಒತ್ತಿದೆ. ಬೋಲ್ಟ್ ಬಿಗಿದ ಮೇಲೆ ಮೇಲಿಂದ ಗ್ರೀಸ್.

ಈಗ ಅರ್ತ್ ಕಡೆ 0.05, ಪಂಪಿನಲ್ಲಿ 12.1 ವೋಲ್ಟ್. ಸದ್ದೇ ಬೇರೆ, ಗಟ್ಟಿಯಾಗಿ ಒಂದೇ ಸಮ.

ಒಂದು ವಾರವಾಯಿತು, ಒಂದು ಸಲವೂ ನಿಂತಿಲ್ಲ. ಆದರೆ ಕಾರ್ಪೆಟ್ ಒದ್ದೆಯಾಗಿದ್ದು ಎಲ್ಲಿಂದ? ಹಿಂದಿನ ಲೈಟಿನ ರಬ್ಬರ್ ಮೇಲೆ ಅನುಮಾನ. ನಾಳೆ ಕಾರ್ಪೆಟ್ ತೆಗೆದು, ಹೊರಗಿನಿಂದ ನೀರು ಬಿಟ್ಟು ನೋಡುತ್ತೇನೆ.