60 ಹೋಮ್ ರನ್ ಹೊಡೆದ ಕ್ಯಾಚರ್

2025ರಲ್ಲಿ ಅಮೆರಿಕದ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಜಾಸ್ತಿ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ, ಚೆಂಡು ಬೇಲಿಯಾಚೆ ಹಾರುವ ಹೊಡೆತ) ಹೊಡೆದವರು ಯಾರ್ಯಾರು ನೋಡಿ. ಫಿಲಡೆಲ್ಫಿಯಾದ ಕೈಲ್ ಶ್ವಾರ್ಬರ್ 56, ಡಾಡ್ಜರ್ಸ್‌ನ ಶೋಹೆ ಒಟಾನಿ 55, ಯಾಂಕೀಸ್‌ನ ಆರನ್ ಜಡ್ಜ್ 53. ಮೂವರೂ ಭಾರಿ ಹೊಡೆತಕ್ಕೇ ಹೆಸರಾದವರು. ಇವರನ್ನೆಲ್ಲ ಹಿಂದೆ ಹಾಕಿ ಮೇಲೆ ನಿಂತವನು ಸಿಯಾಟಲ್ ಮ್ಯಾರಿನರ್ಸ್‌ನ ಕ್ಯಾಲ್ ರಾಲಿ. 60 ಹೋಮ್ ರನ್. ಅದೂ ಒಬ್ಬ ಕ್ಯಾಚರ್! ನನಗೆ ಇವತ್ತಿಗೂ ಮೈ ಜುಮ್ಮೆನ್ನುವುದು ಇದಕ್ಕೇ.

ಕ್ಯಾಚರ್ ಅಂದ್ರೆ ಕ್ರಿಕೆಟ್ಟಿನ ವಿಕೆಟ್ ಕೀಪರ್ ಇದ್ದ ಹಾಗೆ, ಆದರೆ ಪಾಡು ಇನ್ನೂ ಕಷ್ಟದ್ದು. ಮುಖಕ್ಕೆ ಜಾಲರಿ, ಎದೆಗೆ ಕವಚ, ಕಾಲಿಗೆ ಪ್ಯಾಡ್. ಬ್ಯಾಟರ್‌ನ ಬೆನ್ನ ಹಿಂದೆಯೇ ಕೂರಬೇಕು. ಒಂದೊಂದು ಎಸೆತಕ್ಕೂ ಕೂರು, ಏಳು. ಒಂದೇ ಆಟದಲ್ಲಿ ನೂರಕ್ಕೂ ಹೆಚ್ಚು ಸಲ. ಬ್ಯಾಟಿಗೆ ಸವರಿ ದಿಕ್ಕು ತಪ್ಪಿದ ಚೆಂಡು ಭುಜಕ್ಕೋ ಜಾಲರಿಗೋ ಬಂದು ಬಡಿಯುತ್ತದೆ. ಇಷ್ಟರ ಮಧ್ಯೆ, ಮುಂದಿನ ಚೆಂಡು ಯಾವುದು ಅಂತ ಚೆಂಡು ಎಸೆಯುವ ಪಿಚರ್‌ಗೆ ಹೇಳುವವನೂ ಇವನೇ. ಕಾಲು ಸೋತು ಹೋಗಿರುವಾಗ ಹೊಡೆತಕ್ಕೆ ಬಲ ಎಲ್ಲಿಂದ ಬರಬೇಕು? ರಾಲಿ ಕೆಲವು ಆಟಗಳಲ್ಲಿ ಬರೀ ಬ್ಯಾಟ್ ಮಾಡಿದ, ನಿಜ. ಆದರೂ ನೂರಕ್ಕೂ ಹೆಚ್ಚು ಆಟ ಕ್ಯಾಚರ್ ಆಗಿಯೇ ದುಡಿದ.

ಕ್ಯಾಚರ್‌ಗಳ ಹಳೆಯ ದಾಖಲೆ 2021ರಲ್ಲಿ ಸಾಲ್ವಡೋರ್ ಪೆರೆಜ್ ಹೊಡೆದ 48. ಅದನ್ನು ರಾಲಿ ಆಗಸ್ಟ್‌ನಲ್ಲೇ ದಾಟಿಬಿಟ್ಟ. ರಾಲಿ ಎಡಕ್ಕೂ ಬಲಕ್ಕೂ ನಿಂತು ಆಡುವ ಸ್ವಿಚ್ ಹಿಟರ್ ಬೇರೆ. ಅಂಥವರಲ್ಲಿ 1961ರಿಂದ ಮಿಕ್ಕಿ ಮ್ಯಾಂಟಲ್‌ನ 54ನ್ನು ಯಾರೂ ಮುಟ್ಟಿರಲಿಲ್ಲ. ಅದೂ ಹೋಯಿತು.

ಸೆಪ್ಟೆಂಬರ್ 24ರ ರಾತ್ರಿ, ಸಿಯಾಟಲ್‌ನಲ್ಲಿ ಕೊಲರಾಡೊ ರಾಕೀಸ್ ವಿರುದ್ಧದ ಆಟ. ಮೊದಲನೇ ಇನ್ನಿಂಗ್ಸ್‌ನಲ್ಲಿ 59, ಎಂಟನೆಯದರಲ್ಲಿ 60. ಅದೇ ರಾತ್ರಿ ಮ್ಯಾರಿನರ್ಸ್ ತನ್ನ ಡಿವಿಜನ್ (ಲೀಗ್‌ನೊಳಗಿನ ತಂಡಗಳ ಗುಂಪು) ಗೆದ್ದಿತು, 2001ರ ನಂತರ ಮೊದಲ ಸಲ. ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದಾದ, ಮ್ಯಾರಿನರ್ಸ್ ಆಡುವ ಅಮೆರಿಕನ್ ಲೀಗ್‌ನಲ್ಲಿ ಅದುವರೆಗೆ 60 ಮುಟ್ಟಿದ್ದವರು ಬೇಬ್ ರೂತ್, ರಾಜರ್ ಮ್ಯಾರಿಸ್, ಜಡ್ಜ್. ಮೂವರೂ ಯಾಂಕೀಸ್‌ನವರೇ. ಸಿಯಾಟಲ್‌ನ ಜನ ಎದ್ದು ನಿಂತು ಕೂಗಿದ್ದರಲ್ಲಿ ಆಶ್ಚರ್ಯವಿಲ್ಲ ಅಲ್ವಾ?

ಜುಲೈನಲ್ಲಿ ಅಟ್ಲಾಂಟಾದ ಹೋಮ್ ರನ್ ಡರ್ಬಿಯನ್ನೂ (ಯಾರು ಜಾಸ್ತಿ ಹೋಮ್ ರನ್ ಹೊಡೀತಾರೆ ಅನ್ನುವ ಸ್ಪರ್ಧೆ) ಇವನೇ ಗೆದ್ದಿದ್ದ. ಚೆಂಡು ಎಸೆದದ್ದು ಅಪ್ಪ, ಹಿಂದೆ ಕೂತು ಹಿಡಿದದ್ದು ತಮ್ಮ. ನನಗೆ ಆ ವರ್ಷದ ಅತಿ ಇಷ್ಟದ ದೃಶ್ಯ ಅದು.

ಎಂವಿಪಿ, ಅಂದ್ರೆ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿ ಮಾತ್ರ ಜಡ್ಜ್ ಪಾಲಾಯಿತು. ಮೊದಲ ಸ್ಥಾನದ ಮತಗಳು 17–13. ಜಡ್ಜ್‌ನ ಬ್ಯಾಟಿಂಗ್ ಸರಾಸರಿ .331 (ಸುಮಾರು ಮೂರು ಯತ್ನಕ್ಕೆ ಒಂದು ಯಶಸ್ವಿ ಹೊಡೆತ), ಅದನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ಆದರೆ ನನ್ನ ಕೈಲಿ ಮತ ಇದ್ದಿದ್ದರೆ ಎರಡನೇ ಯೋಚನೆ ಇಲ್ಲದೆ ರಾಲಿಗೇ ಹಾಕುತ್ತಿದ್ದೆ.