ಸಾಯಲೆಂದೇ ನೆಟ್ಟ ಟೊಮೆಟೊ

ನಾನು ತರಕಾರಿ ತಳಿ ಸಂಶೋಧನೆಯಲ್ಲೇ ನೌಕರಿ ಮುಗಿಸಿದವನು. ನಮ್ಮ ವಿಶ್ವವಿದ್ಯಾಲಯದ ಜಮೀನಿನಲ್ಲಿ ಒಂದು ರೋಗದ ತಾಕು ಇತ್ತು. ದುಂಡಾಣು ಸೊರಗು ರೋಗ ಮಣ್ಣಿನಲ್ಲಿ ಸದಾ ಉಳಿಯುವಂತೆ ನಾವೇ ಕಾಪಾಡಿಕೊಂಡು ಬಂದಿದ್ದ ಜಾಗ ಅದು. ಕ್ಷೇತ್ರೋತ್ಸವದ ದಿನ ರೈತರನ್ನು ಹೂಕೋಸು, ದೊಣ್ಣೆ ಮೆಣಸಿನಕಾಯಿ ಕಡೆಗೇ ಕರೆದೊಯ್ಯುತ್ತಿದ್ದೆವು. ಸತ್ತ ಗಿಡ ಯಾರು ತೋರಿಸ್ತಾರೆ?

ಒಂದು ವರ್ಷ ಕೋಲಾರದ ಕಡೆಯ ಹಿರಿಯ ರೈತರೊಬ್ಬರು ಗುಂಪು ಬಿಟ್ಟು ನೇರ ಅಲ್ಲಿಗೇ ಹೋಗಿ ನಿಂತರು.

"ಏನ್ ಸಾರ್, ನಿಮ್ಮ ಟೊಮೆಟೊನೇ ಹಿಂಗಾದ್ರೆ ನಮ್ಮ ಗತಿ ಏನು?"

"ಯಜಮಾನ್ರೇ, ಆ ಸಾಲು ಸಾಯಲಿ ಅಂತಲೇ ನೆಟ್ಟಿರೋದು" ಅಂದೆ. ಅವರು ನಂಬಲಿಲ್ಲ. ರೋಗ ಬೇಗ ತಗಲುವ ತಳಿಯನ್ನು ನಡುನಡುವೆ ನೆಡುತ್ತೇವೆ. ಅದು ಸತ್ತರೆ ಮಾತ್ರ ಪಕ್ಕದ ಸಾಲು ಬದುಕಿದ್ದಕ್ಕೆ ಬೆಲೆ. ಅದೂ ಚೆನ್ನಾಗಿದ್ದರೆ ಆ ವರ್ಷದ ಪ್ರಯೋಗವೇ ದಂಡ. ಹಾಗಾಗಿ ಗಿಡ ಬಾಡಿದಾಗ ಖುಷಿಪಡುವ ವಿಚಿತ್ರ ಕೆಲಸ ನಮ್ಮದು.

ಬಾಡಿದ ಗಿಡವೊಂದನ್ನು ಕಿತ್ತು, ಕಾಂಡ ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಟ್ಟೆ. ಸ್ವಲ್ಪ ಹೊತ್ತಿಗೆ ತುದಿಯಿಂದ ಹಾಲಿನಂಥ ಎಳೆ ಇಳಿಯತೊಡಗಿತು. ಲಕ್ಷಾಂತರ ದುಂಡಾಣುಗಳು. ನೀರು ಏರುವ ನಾಳಗಳನ್ನೇ ಅವು ಕಟ್ಟಿಬಿಡುತ್ತವೆ. ಅದಕ್ಕೇ ಎಲೆ ಹಳದಿಯಾಗದೆ, ಹಸಿರಾಗಿರುವಾಗಲೇ ಗಿಡ ಜೋತುಬೀಳುತ್ತದೆ.

"ಅಯ್ಯೋ, ನೀರು ಸಾಲ್ದು ಅಂತ ಇನ್ನೂ ಜಾಸ್ತಿ ಬಿಡ್ತಿದ್ದೆನಲ್ಲ" ಅಂದರು. ಸಾಲಿನಿಂದ ಸಾಲಿಗೆ ರೋಗ ಹೊತ್ತೊಯ್ಯುವುದೂ ಅದೇ ನೀರು.

ನಾಲ್ಕು ಹೆಜ್ಜೆ ಆಚೆ ಒಂದು ಗಿಡ ಗಟ್ಟಿಯಾಗಿ ನಿಂತಿತ್ತು. ಬೀಜ ಕೊಡಿ ಅಂದರು. ಕಾಯಿ ನೋಡಿ ಸುಮ್ಮನಾದರು. ಗೋಲಿ ಗಾತ್ರ. ಇದು ನಮ್ಮ ಕಸುಬಿನ ದೊಡ್ಡ ತಲೆನೋವು. ಹವಾಯಿ 7996ರಂಥ ತಳಿಗಳಲ್ಲಿ ಈ ರೋಗ ತಡೆಯುವ ಶಕ್ತಿ ಇದೆ, ಆದರೆ ಅದರ ಜೊತೆಗೇ ಸಣ್ಣ ಕಾಯಿಯೂ ಅಂಟಿಕೊಂಡು ಬರುತ್ತದೆ. ದೊಡ್ಡ ಕಾಯಿಯ ತಳಿ ಜೊತೆ ಮತ್ತೆ ಮತ್ತೆ ಕ್ರಾಸ್ ಮಾಡಿ, ಪೀಳಿಗೆ ಪೀಳಿಗೆ ಆರಿಸಬೇಕು. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಅರ್ಕ ರಕ್ಷಕ್ ತಂದದ್ದು ಎಷ್ಟು ದೊಡ್ಡ ಕೆಲಸ ಅಂತ ಇದರಲ್ಲಿ ಕೈ ಸುಟ್ಟುಕೊಂಡವರಿಗೇ ಗೊತ್ತು. ಎಲೆ ಮುದುಡು ರೋಗ, ಈ ಸೊರಗು ರೋಗ, ಬೇಗ ಬರುವ ಅಂಗಮಾರಿ (ಅರ್ಲಿ ಬ್ಲೈಟ್), ಮೂರನ್ನೂ ತಡೆಯುವ ಹೈಬ್ರಿಡ್ ಅದು.

"ಟೊಮೆಟೊ ಆದಮೇಲೆ ಏನು ಹಾಕ್ತೀರಿ?" ಅಂದೆ.

"ಬದನೆ. ಇಲ್ಲಾಂದ್ರೆ ಮೆಣಸಿನಕಾಯಿ."

ಎಲ್ಲಾ ಒಂದೇ ಕುಟುಂಬ. ರೋಗಕ್ಕೆ ಊಟ ಬದಲಾಗುವುದೇ ಇಲ್ಲ. ಬದನೆ ಬೇಡ, ರಾಗಿ ಇಲ್ಲವೇ ಜೋಳ ಹಾಕಿ ಅಂದೆ. ರಾಗೀಲಿ ಟೊಮೆಟೊ ದುಡ್ಡು ಬರುತ್ತಾ ಅಂತ ನಕ್ಕರು. ಅದೂ ನಿಜ ಅಲ್ವಾ?

ಆಗ ನರ್ಸರಿಗೆ ಕರೆದುಕೊಂಡು ಹೋಗಿ, ಬದನೆ ಬೇರಿನ ಮೇಲೆ ಕಸಿ ಕಟ್ಟಿದ ಟೊಮೆಟೊ ಸಸಿ ತೋರಿಸಿದೆ.

"ಈಗ ತಾನೇ ಬದನೆ ಬೇಡ ಅಂದ್ರಲ್ಲ ಸಾರ್!"

ಎಲ್ಲಾ ಬದನೆ ಅಲ್ಲ, ಈ ರೋಗ ತಡೆಯುವ ಬದನೆ ಮಾತ್ರ ಅಂತ ವಿವರಿಸಿದೆ. ಅಷ್ಟರಲ್ಲಿ ಊಟಕ್ಕೆ ಕರೆದರು. ಯಜಮಾನರು ಕದಲಲಿಲ್ಲ. ಕಸಿ ಕಟ್ಟುತ್ತಿದ್ದ ಹೆಂಗಸಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಸಸಿಗೆ ಎಷ್ಟು ಬೀಳುತ್ತಮ್ಮ ಅಂತ ಲೆಕ್ಕ ಶುರು ಮಾಡಿದ್ದರು.